ಸಂಬಳ ಹೇಳದವರು ಉಳಿತಾಯದ ಕಥೆ ಹೇಳುತ್ತಾರೆ

ಒಂದು ವಿಷಯ ಬಹಳ ದಿನದಿಂದ ನನ್ನ ತಲೆ ಕೊರೆಯುತ್ತಿದೆ. ನಿಮ್ಮ ಸಂಬಳ ಎಷ್ಟು ಅಂತ ಯಾರನ್ನಾದರೂ ಕೇಳಿದರೆ ಅವರ ಮುಖ ಬಿಗಿಯಾಗುತ್ತದೆ. ಸಾಲ ಎಷ್ಟಿದೆ ಅಂತ ಕೇಳಲು ನಮಗೇ ಬಾಯಿ ಬರುವುದಿಲ್ಲ. ಆದರೆ ಅದೇ ಮನುಷ್ಯರನ್ನು 'ನೀವು ದುಡ್ಡು ಹೇಗೆ ಉಳಿಸ್ತೀರಿ?' ಅಂತ ಕೇಳಿ ನೋಡಿ. ಮಾತು ನಿಲ್ಲುವುದೇ ಇಲ್ಲ. ಸೋಪಿನ ಕೊನೆಯ ಚೂರನ್ನು ಹೊಸ ಸೋಪಿಗೆ ಅಂಟಿಸುವುದು, ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಸಿ ಒಳಗಿನದನ್ನು ಬಳಿದು ತೆಗೆಯುವುದು, ಹರಿದ ಬೆಡ್‌ಶೀಟಿನಿಂದ ಒರೆಸುವ ಬಟ್ಟೆ ಮಾಡುವುದು, ಒಂದು ಕಡೆ ಪ್ರಿಂಟ್ ಆದ ಹಾಳೆಯ ಹಿಂಭಾಗವನ್ನು ಹೊಲಿದು ನೋಟ್‌ಬುಕ್ ಮಾಡುವುದು. ದೂರದ ಪ್ರಯಾಣದಲ್ಲಿ ಪಕ್ಕದಲ್ಲಿ ಕೂತವರು, ಹೆಸರೂ ಗೊತ್ತಿಲ್ಲದವರು, ತಮ್ಮ ಮನೆಯ ಕರೆಂಟ್ ಬಿಲ್ ಹೇಗೆ ಇಳಿಸಿದರು ಅಂತ ನನಗೆ ವಿವರವಾಗಿ ಹೇಳಿದ್ದಾರೆ. ಹೇಳುವಾಗ ಅವರ ಮುಖ ಅರಳಿರುತ್ತದೆ. ತಾನೇ ಕಂಡುಹಿಡಿದದ್ದನ್ನು ತೋರಿಸುವ ಖುಷಿ ಅದು.

ಇದೇ ಉಪಾಯಗಳನ್ನು 'ಹಣ ಉಳಿಸಲು ಐವತ್ತು ದಾರಿಗಳು' ಅಂತ ಪಟ್ಟಿ ಮಾಡಿ ಕೊಟ್ಟರೆ ಓದಿ ಮುಗಿಸುವಷ್ಟರಲ್ಲಿ ಮರೆತುಹೋಗುತ್ತದೆ. ಒಬ್ಬರು ತಮ್ಮ ಬದುಕಿನ ಜೊತೆ ಸೇರಿಸಿ ಹೇಳಿದ್ದು ವರ್ಷಗಟ್ಟಲೆ ನೆನಪಿರುತ್ತದೆ. ಯಾಕೆ ಹೀಗೆ ಅಂತ ಯೋಚಿಸುತ್ತಾ ಹೋದಾಗ ನನಗೆ ಅನಿಸಿದ್ದು ಇಷ್ಟು. ಉಪಾಯ ಸಣ್ಣದು, ಅದು ಹುಟ್ಟಿದ ಪರಿಸ್ಥಿತಿ ದೊಡ್ಡದು. ಆ ಪರಿಸ್ಥಿತಿಯನ್ನು ಬಿಟ್ಟು ಬರೀ ಉಪಾಯ ಹಂಚಿದರೆ, ಅದು ಕೇಳಿದವರಿಗೆ ಹೊಂದುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಎಷ್ಟೋ ಸಲ ಒಬ್ಬರನ್ನು ಕಾಪಾಡಿದ ಅಭ್ಯಾಸವೇ ಇನ್ನೊಬ್ಬರಿಗೆ ಭಾರವಾಗುತ್ತದೆ.

ಮೇಡಂ ಅವರ ನೋಟ್‌ಬುಕ್

ನಾನು ಕೆಲಸ ಮಾಡುವ ಕಡೆ ಲೆಕ್ಕಪತ್ರ ನೋಡಿಕೊಳ್ಳುವ ಒಬ್ಬ ಮೇಡಂ ಇದ್ದಾರೆ. ನಿವೃತ್ತಿ ಹತ್ತಿರ ಬಂದಿದೆ. ಮಧ್ಯಾಹ್ನ ಊಟ ಮುಗಿದ ಮೇಲೆ ಅವರು ಚೀಲದಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದು ಎರಡು ಮೂರು ಸಾಲು ಬರೆದು ಮತ್ತೆ ಒಳಗಿಡುತ್ತಿದ್ದರು. ಆಫೀಸಿನ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಮಾಡುವವರು ಮನೆಯ ಲೆಕ್ಕವನ್ನು ಮಾತ್ರ ಕೈಯಲ್ಲಿ ಬರೆಯುತ್ತಿದ್ದರು. ಒಂದು ದಿನ ಕೇಳಿಯೇ ಬಿಟ್ಟೆ. ಮುಚ್ಚಿಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಪುಟವನ್ನೇ ನನ್ನ ಕಡೆ ತಿರುಗಿಸಿದರು.

ಎಡಕ್ಕೆ ತಾರೀಕು, ನಡುವೆ ಖರ್ಚು, ಬಲಕ್ಕೆ ಮೊತ್ತ. ಅಲ್ಲಿಯವರೆಗೆ ವಿಶೇಷ ಏನೂ ಇರಲಿಲ್ಲ. ಆದರೆ ಅಂಚಿನಲ್ಲಿ ಪ್ರತಿ ಸಾಲಿಗೂ ಪೆನ್ಸಿಲಿನ ಒಂದೊಂದು ಗುರುತು ಇತ್ತು. ಬೇಕೇ ಬೇಕಿದ್ದ ಖರ್ಚಿಗೆ ಚುಕ್ಕಿ. ಬೇರೆಯವರಿಗಾಗಿ ಮಾಡಿದ್ದಕ್ಕೆ ಅಡ್ಡಗೆರೆ. ಬೇಸರಕ್ಕೋ ಸುಸ್ತಿಗೋ ಮಾಡಿದ್ದಕ್ಕೆ ಸೊನ್ನೆ. 'ಸೊನ್ನೆ ಜಾಸ್ತಿ ಬಂದ ವಾರ ನಾನು ನನ್ನನ್ನ ಬೈಕೊಳ್ಳಲ್ಲ. ಆ ವಾರ ನಿದ್ದೆ ಕಡಿಮೆ ಆಗಿದೆ ಅಂತ ತಿಳ್ಕೋತೀನಿ' ಅಂದರು. ಖರ್ಚಿನ ಪುಸ್ತಕವನ್ನು ಒಬ್ಬರು ಹೀಗೂ ಓದಬಹುದು ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಅದು ಶುರುವಾದ ಕಥೆ ಹೇಳಿದರು. ಮಕ್ಕಳು ಚಿಕ್ಕವರಿದ್ದಾಗ ಅವರ ಯಜಮಾನರ ಕೆಲಸ ಹೋಯಿತು. ಸಾಲ ಕೊಟ್ಟವರಿಂದ ಬರುತ್ತಿದ್ದ ಪತ್ರಗಳನ್ನು ಇಬ್ಬರೂ ಒಡೆಯುತ್ತಿರಲಿಲ್ಲ. ಕಪಾಟಿನ ಮೇಲೆ ಒಂದರ ಮೇಲೊಂದು ಇಡುತ್ತಿದ್ದರು. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಮೇಡಂ ಎಲ್ಲವನ್ನೂ ನೆಲದ ಮೇಲೆ ಹರಡಿ, ಒಂದೊಂದೇ ಒಡೆದು, ಮಗಳ ಹಳೆಯ ಶಾಲೆ ಪುಸ್ತಕದ ಖಾಲಿ ಹಾಳೆಯಲ್ಲಿ ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವಾಗ ಕಟ್ಟಬೇಕು ಅಂತ ಬರೆದರು. 'ಬರೆದು ಮುಗಿಸಿದ ಮೇಲೂ ಸಾಲ ಅಷ್ಟೇ ಇತ್ತು. ಆದ್ರೂ ಆ ರಾತ್ರಿ ನಿದ್ದೆ ಬಂತು. ಎಷ್ಟು ಅಂತ ಗೊತ್ತಾಯ್ತಲ್ಲ.' ಬೆಳಿಗ್ಗೆ ಯಜಮಾನರು ಆ ಹಾಳೆ ನೋಡಿದರು. ಏನೂ ಮಾತಾಡದೆ, ಕೆಳಗೆ ಇನ್ನೊಂದು ಸಾಲ ಸೇರಿಸಿದರು. ಮೇಡಂಗೆ ಗೊತ್ತಿಲ್ಲದ ಸಾಲ ಅದು. ಆ ಸಂಸಾರದಲ್ಲಿ ದುಡ್ಡಿನ ಬಗ್ಗೆ ನಿಜವಾದ ಮಾತು ಶುರುವಾದದ್ದು ಅಂದಿನಿಂದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಹಾಸಿಗೆ ಎಷ್ಟುದ್ದ ಅಂತ ಮೊದಲು ಗೊತ್ತಾಗಬೇಕು. ಅಳೆಯುವುದಕ್ಕೇ ಹೆದರುವವರು ನಮ್ಮ ನಡುವೆ ತುಂಬಾ ಜನ ಇದ್ದಾರೆ. ಅವರಿಗೆ ಟೂತ್‌ಪೇಸ್ಟಿನ ಉಪಾಯ ಹೇಳಿ ಏನು ಪ್ರಯೋಜನ?

ಜಪಾನಿನಲ್ಲಿ ಈ ಮನೆಲೆಕ್ಕದ ಪುಸ್ತಕಕ್ಕೆ ಒಂದು ಒಳ್ಳೆಯ ಇತಿಹಾಸ ಇದೆ. ಹಾನಿ ಮೋತೊಕೊ ಎಂಬ ಪತ್ರಕರ್ತೆ 1903ರಲ್ಲಿ ಗಂಡನ ಜೊತೆ ಸೇರಿ ಮನೆವಾರ್ತೆಯ ಪತ್ರಿಕೆಯೊಂದನ್ನು ಶುರು ಮಾಡಿದರು. ಮರುವರ್ಷ, 1904ರಲ್ಲಿ, ಮನೆಯ ಲೆಕ್ಕ ಬರೆಯಲು ಒಂದು ಅಚ್ಚುಕಟ್ಟಾದ ಪುಸ್ತಕ ಹೊರತಂದರು. ಅದೇ ಕಾಕೇಬೊ. ಖರ್ಚಾದ ಮೇಲೆ ಬರೆದು ಪೇಚಾಡುವುದಕ್ಕಿಂತ, ಯಾವುದಕ್ಕೆ ಎಷ್ಟು ಅಂತ ಮೊದಲೇ ತೆಗೆದಿಟ್ಟು ಆಮೇಲೆ ಖರ್ಚು ಮಾಡುವುದು ಅದರ ಕ್ರಮ. ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದದ್ದು ಮುಂದಿನ ಸಂಗತಿ. ಆ ಪತ್ರಿಕೆಯ ಓದುಗ ಹೆಂಗಸರು ಅಲ್ಲಲ್ಲಿ ಗುಂಪು ಕಟ್ಟಿಕೊಂಡರು. 1930ರಲ್ಲಿ ಅವೆಲ್ಲ ಸೇರಿ ದೇಶಮಟ್ಟದ ಒಂದು ಸಂಘವಾಯಿತು. ಅವರು ಒಟ್ಟಿಗೆ ಕೂತು ತಮ್ಮ ಮನೆಗಳ ಲೆಕ್ಕವನ್ನು ಚರ್ಚಿಸುತ್ತಿದ್ದರು. ಒಬ್ಬಳೇ ಬರೆದರೆ ಅದು ಬರೀ ಲೆಕ್ಕ. ನಾಲ್ಕು ಜನರ ಮುಂದೆ ಇಟ್ಟಾಗ, 'ಓ, ನಿಮ್ಮ ಮನೆಯಲ್ಲೂ ಹೀಗೇನಾ?' ಎಂಬ ಸಮಾಧಾನ ಸಿಗುತ್ತದೆ. ನೂರು ವರ್ಷದ ಹಿಂದೆ ಅದನ್ನು ಕಂಡುಕೊಂಡ ಆ ಹೆಂಗಸರ ಬಗ್ಗೆ ನನಗೆ ತುಂಬಾ ಗೌರವ.

ಬಾಯಿಗೆ ಬರುವ ಉಳಿತಾಯ, ಬಾರದ ಉಳಿತಾಯ

ಮೇಡಂ ಪುಸ್ತಕ ತೋರಿಸಿದ ಮೇಲೆ ನಮ್ಮ ಊಟದ ಬಿಡುವಿನಲ್ಲಿ ಇಂಥ ಮಾತು ಅಭ್ಯಾಸವೇ ಆಯಿತು. ಮೇಡಂ, ನಾನು, ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಹುಡುಗ, ನಮ್ಮ ಕಟ್ಟಡ ಸ್ವಚ್ಛ ಮಾಡುವ ಅಕ್ಕ. ಇನ್ನೂ ಒಬ್ಬಿಬ್ಬರು ಬಂದು ಹೋಗುತ್ತಾರೆ.

ಶುರುವಿನಲ್ಲಿ ನಾನು ಗಮನಿಸಿದ್ದು, ಎಲ್ಲರೂ ಸಣ್ಣ ಸಣ್ಣ ಉಳಿತಾಯದ ಮಾತನ್ನೇ ಆಡುತ್ತಿದ್ದೆವು. ದೊಡ್ಡವು ಬಾಯಿಗೆ ಬರುತ್ತಿರಲಿಲ್ಲ. ಪಾರ್ಕಿನ್ಸನ್ ಎಂಬ ಬ್ರಿಟಿಷ್ ಲೇಖಕರು 1957ರಲ್ಲಿ ಒಂದು ಕಲ್ಪನೆಯ ಸಮಿತಿಯ ಬಗ್ಗೆ ಬರೆದಿದ್ದಾರೆ. ಆ ಸಮಿತಿ ಅಣು ಸ್ಥಾವರದ ಖರ್ಚಿಗೆ ಕ್ಷಣದಲ್ಲಿ ಒಪ್ಪಿಗೆ ಕೊಡುತ್ತದೆ. ಸೈಕಲ್ ನಿಲ್ಲಿಸುವ ಶೆಡ್ಡಿನ ಬಗ್ಗೆ ಮುಕ್ಕಾಲು ಗಂಟೆ ಚರ್ಚಿಸುತ್ತದೆ. ಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ ಎಲ್ಲರಿಗೂ ಗೊತ್ತು. ನಮ್ಮ ಮನೆಗಳಲ್ಲೂ ಸಾಲದ ಬಡ್ಡಿ, ಬಾಡಿಗೆ, ವಾಹನದಂಥ ದೊಡ್ಡ ಖರ್ಚುಗಳ ಬಗ್ಗೆ ಮೌನ. ಸೋಪಿನ ಚೂರಿನ ಬಗ್ಗೆ ಮಾತೇ ಮಾತು.

ಒಂದು ಉದಾಹರಣೆ. ಆ ಹುಡುಗ ಫೋನ್ ಚಾರ್ಜ್ ಆದ ತಕ್ಷಣ ಚಾರ್ಜರನ್ನು ಪ್ಲಗ್ಗಿನಿಂದ ಕೀಳುತ್ತಿದ್ದ. ಕರೆಂಟ್ ಉಳಿಸಲು. ಒಳ್ಳೆಯ ಅಭ್ಯಾಸವೇ. ಆದರೆ ಮೇಡಂ ಕೂತು ಲೆಕ್ಕ ಹಾಕಿದರು. ಸುಮ್ನೆ ಸಿಕ್ಕಿಸಿಟ್ಟ ಚಾರ್ಜರ್ ಕಾಲು ವ್ಯಾಟ್ ತಿನ್ನುತ್ತದೆ ಅಂತಲೇ ಇಟ್ಟುಕೊಳ್ಳೋಣ. ಈಗಿನವು ಅದಕ್ಕಿಂತಲೂ ಕಡಿಮೆ. ವರ್ಷವಿಡೀ ಹಾಗೆ ಬಿಟ್ಟರೂ ಆಗುವುದು ಸುಮಾರು 2 ಯೂನಿಟ್ ಅಷ್ಟೇ. ಅದೇ 20 ಲೀಟರ್ ನೀರನ್ನು ಹೀಟರಿನಲ್ಲಿ 25 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಲು ಅರ್ಧ ಯೂನಿಟ್‌ಗಿಂತ ಜಾಸ್ತಿ ಬೇಕು. ಅಂದರೆ ಒಂದು ಸಲ ಕಾಯಿಸಿದ ನೀರು, ಸುಮ್ನೆ ಸಿಕ್ಕಿಸಿಟ್ಟ ಚಾರ್ಜರಿನ ಮೂರು ತಿಂಗಳಿಗೆ ಸಮ. ದಿನಕ್ಕೆ 5 ಗಂಟೆ ಉರಿಯುವ 60 ವ್ಯಾಟಿನ ಹಳೆಯ ಬಲ್ಬ್ ವರ್ಷಕ್ಕೆ ಸುಮಾರು 110 ಯೂನಿಟ್ ತಗೊಳ್ಳುತ್ತದೆ. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ 16 ಯೂನಿಟ್ ಸಾಕು. ಚಾರ್ಜರ್ ದಿನಾ ನೆನಪು ಮಾಡಿಕೊಂಡು ಕೀಳಬೇಕು. ಬಲ್ಬನ್ನು ಒಂದು ಸಲ ಬದಲಾಯಿಸಿದರೆ ಮುಗಿಯಿತು.

ಆದರೂ ಸಣ್ಣ ಉಳಿತಾಯವನ್ನು ಹೀಯಾಳಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕೈಯಲ್ಲಿ ಏನೂ ಇಲ್ಲದ ದಿನಗಳಲ್ಲಿ ಮನುಷ್ಯನಿಗೆ ತನ್ನ ಹಿಡಿತದಲ್ಲಿ ಏನಾದರೂ ಒಂದು ಇದೆ ಎಂಬ ಧೈರ್ಯ ಬೇಕು. ಸೋಪಿನ ಚೂರು ಆ ಧೈರ್ಯ ಕೊಡುತ್ತದೆ. ಅದರ ಬೆಲೆಯನ್ನು ಯೂನಿಟ್ಟಿನಲ್ಲಿ ಅಳೆಯಲು ಆಗುವುದಿಲ್ಲ. ನನ್ನ ಆತಂಕ ಬೇರೆ. ಸಣ್ಣದರಲ್ಲೇ ದಣಿದು ದೊಡ್ಡದನ್ನು ನೋಡುವ ಶಕ್ತಿಯೇ ಉಳಿಯದಿದ್ದರೆ ಏನು ಮಾಡುವುದು? ಪ್ರತಿದಿನ ಮನಸ್ಸನ್ನು ಬಿಗಿಹಿಡಿದು ಮಾಡಬೇಕಾದ ಅಭ್ಯಾಸ ಬಹಳ ದಿನ ಬಾಳುವುದಿಲ್ಲ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ಅಮೆರಿಕದ ಒಂದು ಕಂಪನಿಯ ನೌಕರರಿಗೆ ಅವರು ಹೇಳಿದ್ದು ಇಷ್ಟೇ. ಈಗ ಏನೂ ಕಡಿಮೆ ಮಾಡಬೇಡಿ, ಮುಂದೆ ಸಂಬಳ ಏರಿದಾಗ ಆ ಏರಿಕೆಯ ಒಂದು ಪಾಲು ತಾನಾಗಿ ಉಳಿತಾಯಕ್ಕೆ ಹೋಗುವಂತೆ ಈಗಲೇ ಸಹಿ ಮಾಡಿ. ಒಪ್ಪಿಕೊಂಡವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇಕಡಾ 3.5ರಿಂದ ಶೇಕಡಾ 13.6ಕ್ಕೆ ಏರಿತು. ಯಾರೂ ದಿನಾ ಹಲ್ಲು ಕಚ್ಚಿಕೊಂಡು ಉಳಿಸಲಿಲ್ಲ. ಒಂದು ಸಲ ತೀರ್ಮಾನ ಮಾಡಿದರು, ಉಳಿದದ್ದು ತಾನಾಗಿ ನಡೆಯಿತು.

'ಒಟ್ಟಿಗೆ ದುಡ್ಡು ಬರಲ್ಲವಲ್ಲ'

ಒಂದು ಮಧ್ಯಾಹ್ನದ ಮಾತು ನನಗೆ ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ. ಬಟ್ಟೆ ತೊಳೆಯುವ ಪುಡಿಯ ಬಗ್ಗೆ ಮಾತು ಬಂದಿತ್ತು. ಮೇಡಂ, 'ದೊಡ್ಡ ಪ್ಯಾಕೆಟ್ ತಗೋಬೇಕು, ಚಿಕ್ಕದು ತಗೊಂಡ್ರೆ ಸುಮ್ನೆ ನಷ್ಟ' ಅಂದರು. ಹುಡುಗ ತಲೆಯಾಡಿಸಿದ. ನಾನೂ ಹೌದು ಅಂದೆ. ಅಕ್ಕ ತನ್ನ ಡಬ್ಬಿಯ ಮುಚ್ಚಳ ಹಾಕುತ್ತಾ ಹೇಳಿದಳು. 'ದೊಡ್ಡದು ಅಗ್ಗ ಅಂತ ನನಗೂ ಗೊತ್ತು ಮೇಡಂ. ಒಟ್ಟಿಗೆ ದುಡ್ಡು ಬರಲ್ಲವಲ್ಲ ನನಗೆ.' ಅವಳು ಬೇಸರದಿಂದ ಹೇಳಲಿಲ್ಲ. ಇದ್ದ ವಿಷಯ ಹೇಳಿದಳು, ಅಷ್ಟೇ. ಮೇಡಂ ಸ್ವಲ್ಪ ಹೊತ್ತು ಅವಳ ಮುಖ ನೋಡಿ, 'ಹಾಗಾದ್ರೆ ನೀನು ಹೇಗೆ ಮಾಡ್ತೀಯಾ, ಹೇಳು' ಅಂದರು. ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳಿದ ಪ್ರಶ್ನೆ ಅದು.

ಅಕ್ಕ ಹೇಳತೊಡಗಿದಳು. ಎರಡು ಮೂರು ಮನೆ, ಎರಡು ಆಫೀಸಿನ ಕೆಲಸ. ಒಂದೊಂದು ಕಡೆಯ ದುಡ್ಡು ಒಂದೊಂದು ದಿನ ಬರುತ್ತದೆ. ಕೈಗೆ ಬಂದ ದುಡ್ಡು ಅಂದೇ ಯಾವುದೋ ಒಂದಕ್ಕೆ ಕಟ್ಟಿಹೋಗಿರುತ್ತದೆ. ಅದಕ್ಕೆ ಅವಳು ಮತ್ತು ಅಕ್ಕಪಕ್ಕದ ಮನೆಯ ಹೆಂಗಸರು ಸೇರಿ ದೊಡ್ಡ ಪ್ಯಾಕೆಟ್ ತಂದು, ಅಳೆದು ಹಂಚಿಕೊಳ್ಳುತ್ತಾರೆ. ದುಡ್ಡು ಮೊದಲು ಯಾರ ಕೈಯಲ್ಲಿ ಇರುತ್ತದೋ ಅವರು ಹಾಕುತ್ತಾರೆ. ಉಳಿದವರು ತಮ್ಮ ತಮ್ಮ ಕೂಲಿಯ ದಿನ ಕೊಡುತ್ತಾರೆ. ಯಾರು ಎಷ್ಟು ಕೊಡಬೇಕು ಅಂತ ಬರೆದಿಡುವುದಿಲ್ಲ, ಎಲ್ಲರಿಗೂ ಬಾಯಿಪಾಠ. ಅವರದೇ ಒಂದು ಚೀಟಿಯೂ ಇದೆ. ಹತ್ತು ಜನ ತಿಂಗಳಿಗೆ ಒಂದಿಷ್ಟು ಹಾಕಿ, ಸರದಿಯ ಪ್ರಕಾರ ಒಬ್ಬರು ಪೂರ್ತಿ ಮೊತ್ತ ತಗೊಳ್ಳುತ್ತಾರೆ. ಒಟ್ಟಿಗೆ ಬರದ ದುಡ್ಡನ್ನು ಒಟ್ಟಿಗೆ ಬರುವ ಹಾಗೆ ಮಾಡುವ ದಾರಿ ಅದು.

ಇದು ಲೋಕದ ತುಂಬ ಇದೆ. ಮೆಕ್ಸಿಕೋದಲ್ಲಿ ತಾಂಡಾ, ಘಾನಾದಲ್ಲಿ ಸುಸು, ಕೊರಿಯಾದಲ್ಲಿ ಕ್ಯೆ. ಎಲ್ಲ ಕಡೆ ಮೂಲ ಲೆಕ್ಕ ಒಂದೇ. ಮೊದಲು ತಗೊಂಡವರಿಗೆ ಅದು ಸಾಲ, ಕೊನೆಗೆ ತಗೊಂಡವರಿಗೆ ಉಳಿತಾಯ. ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ 1962ರಲ್ಲೇ ಇಂಥ ಸಂಘಗಳ ಬಗ್ಗೆ ಬರೆದರು. ಇದರಲ್ಲಿ ಅಪಾಯವೂ ಇದೆ. ಮೊದಲು ತಗೊಂಡವರು ಕಟ್ಟುವುದನ್ನು ನಿಲ್ಲಿಸಿದರೆ ಉಳಿದವರು ಮುಳುಗುತ್ತಾರೆ. ಹಾಗಾಗಿ ಒಬ್ಬರ ಬದುಕು ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತಿರುವ ಕಡೆ ಮಾತ್ರ ಇದು ಸರಿಯಾಗಿ ನಡೆಯುತ್ತದೆ. ಅಕ್ಕನ ಗುಂಪಿನಲ್ಲಿ ಯಾರ ಮನೆಯಲ್ಲಿ ಹುಷಾರಿಲ್ಲ, ಯಾರ ಮಗನಿಗೆ ಫೀಸು ಕಟ್ಟಬೇಕು ಅಂತ ಎಲ್ಲರಿಗೂ ಗೊತ್ತು. ಸರದಿಯನ್ನು ಅದಕ್ಕೆ ತಕ್ಕ ಹಾಗೆ ಅದಲು ಬದಲು ಮಾಡಿಕೊಳ್ಳುತ್ತಾರೆ. ನಾವು ಆಫೀಸಿನಲ್ಲಿ ಕೂತು ಹಂಚಿಕೊಳ್ಳುತ್ತಿದ್ದ ಉಪಾಯಗಳಿಗಿಂತ ಅದು ಎಷ್ಟೋ ಮುಂದಿನದು.

ಡೇವಿಡ್ ಕ್ಯಾಪ್ಲೋವಿಟ್ಜ್ ಎಂಬ ಸಮಾಜಶಾಸ್ತ್ರಜ್ಞರು ನ್ಯೂಯಾರ್ಕ್ ನಗರದ ಬಡ ಕುಟುಂಬಗಳ ಖರೀದಿಯನ್ನು ಅಧ್ಯಯನ ಮಾಡಿ 1963ರಲ್ಲಿ ಅದನ್ನು ಪ್ರಕಟಿಸಿದರು. ಕಂತಿನಲ್ಲಿ ಕೊಳ್ಳಬೇಕಾಗಿದ್ದ ಬಡವರು ಅದೇ ಥರದ ವಸ್ತುವಿಗೆ ಉಳಿದವರಿಗಿಂತ ಹೆಚ್ಚು ಬೆಲೆ ಕೊಡುತ್ತಿದ್ದರು. ಚಿಕ್ಕ ಪ್ಯಾಕೆಟ್, ತಡವಾದ ಬಿಲ್ಲಿನ ದಂಡ, ಬೇಗ ಹರಿಯುವ ಅಗ್ಗದ ಚಪ್ಪಲಿ, ಎಲ್ಲದರಲ್ಲೂ ಇದೇ ಕಥೆ. ಇದರ ಜೊತೆಗೆ ತಲೆಯ ಮೇಲಿನ ಭಾರ ಬೇರೆ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಬಂತು. ಕಟಾವಿಗೆ ಮುಂಚೆ, ಕೈ ಖಾಲಿ ಇರುವಾಗ, ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಅವರ ಅಂಕ ಕಡಿಮೆ ಇತ್ತು. ಕಟಾವಾದ ಮೇಲೆ ಅದೇ ರೈತರ ಅಂಕ ಏರಿತ್ತು. ಮನುಷ್ಯರು ಅವರೇ, ದುಡ್ಡಿನ ಚಿಂತೆ ಮಾತ್ರ ಹಗುರವಾಗಿತ್ತು. ಇದನ್ನು ತಿಳಿದ ಮೇಲೂ, ಬಡವರಿಗೆ ಉಳಿಸಲು ಗೊತ್ತಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಯಾರ ಜೇಬಿನಿಂದ ಉಳಿಯಿತು?

ಉಳಿತಾಯದ ಕಥೆಗಳನ್ನು ಕೇಳುವಾಗ ನಾನು ಈಗ ಒಂದು ಪ್ರಶ್ನೆ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇನೆ. ಈ ದುಡ್ಡು ಉಳಿದದ್ದು ಯಾರ ಜೇಬಿನಿಂದ? ಕೆಲವರ ಕಥೆಯಲ್ಲಿ ಅದು ಕೆಲಸದವರ ಕೂಲಿಯಿಂದ ಉಳಿದಿರುತ್ತದೆ. ತಮಗಿಂತ ಕಡಿಮೆ ಇರುವವರ ಹತ್ತಿರ ಚೌಕಾಸಿ ಮಾಡಿ ಉಳಿಸಿದ್ದನ್ನು ಜಾಣತನ ಅಂತ ಹೇಳುತ್ತಾರೆ. ಕೆಲವರು ಗೆಳೆಯರ ಜೊತೆ ಹೊರಗೆ ಹೋದಾಗ ಬಿಲ್ಲು ಬರುವ ಹೊತ್ತಿಗೆ ಯಾವಾಗಲೂ ಫೋನಿನಲ್ಲಿ ಇರುತ್ತಾರೆ. ಅದು ಉಳಿತಾಯ ಅಲ್ಲ. ಖರ್ಚು ಆಗಿದೆ, ಬೇರೆಯವರು ಕೊಟ್ಟಿದ್ದಾರೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ಕೆಲವರು ತಮ್ಮ ಮೈಯಿಂದಲೇ ಕಿತ್ತು ಉಳಿಸುತ್ತಾರೆ. ಹಲ್ಲು ನೋವನ್ನು ಮುಂದೂಡುತ್ತಾರೆ. ಕನ್ನಡಕದ ನಂಬರ್ ಬದಲಾದರೂ ಹಳೆಯದರಲ್ಲೇ ಕಣ್ಣು ಕಿರಿದು ಮಾಡಿ ಓದುತ್ತಾರೆ. ಮನೆಯಲ್ಲಿ ಎಲ್ಲರಿಗೂ ಹೊಸ ಬಟ್ಟೆ ಕೊಡಿಸಿ ತನಗೆ ಮಾತ್ರ 'ಇರೋದೇ ಚೆನ್ನಾಗಿದೆ' ಅನ್ನುವ ತಾಯಂದಿರು ಎಲ್ಲ ಮನೆಯಲ್ಲೂ ಇದ್ದಾರೆ, ಅಲ್ವಾ? ಅವರನ್ನು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಹೊಗಳಿದಷ್ಟೂ ಅವರು ಇನ್ನಷ್ಟು ಬಿಟ್ಟುಕೊಡುತ್ತಾರೆ. ಮನೆಯ ಲೆಕ್ಕ ಎಲ್ಲರ ಮುಂದೆ ತೆರೆದಿದ್ದರೆ, ಕಡಿತ ಯಾರ ಪಾಲಿನಿಂದ ಆಗುತ್ತಿದೆ ಅಂತಲಾದರೂ ಕಾಣುತ್ತದೆ.

ಹಳೆಯದನ್ನು ಇಟ್ಟುಕೊಂಡವರನ್ನು ಯಾರು ಕೇಳುತ್ತಾರೆ

ನಮ್ಮ ಹುಡುಗ ಒಂದು ದಿನ ಹೇಳಿದ ಮಾತು. 'ಹೊಸ ಫೋನ್ ತಗೊಂಡಾಗ ಎಲ್ರೂ ಕೈಗೆ ತಗೊಂಡು ನೋಡಿದ್ರು. ಹಳೇ ಫೋನಿನ ಬ್ಯಾಟರಿ ಬದಲಾಯಿಸಿ ಇನ್ನೆರಡು ವರ್ಷ ಓಡಿಸಿದ್ರೆ ಯಾರು ನೋಡ್ತಿದ್ರು?' ಫೋನ್ ಬಂದ ಮೇಲೆ ಅದಕ್ಕೊಪ್ಪುವ ಕವರ್, ಇಯರ್‌ಫೋನ್, ಕೈಗಡಿಯಾರ ಎಲ್ಲ ಒಂದೊಂದಾಗಿ ಬಂದವು. ಫ್ರೆಂಚ್ ಚಿಂತಕ ಡೆನಿ ದಿದೆರೋ 1769ರಲ್ಲೇ ಈ ಅನುಭವವನ್ನು ಬರೆದಿಟ್ಟಿದ್ದಾನೆ. ಅವನಿಗೆ ಚೆಂದದ ಹೊಸ ನಿಲುವಂಗಿಯೊಂದು ಸಿಕ್ಕಿತು. ಅದರ ಮುಂದೆ ಕೋಣೆಯ ಉಳಿದ ಸಾಮಾನೆಲ್ಲ ಕಳೆಗುಂದಿದ ಹಾಗೆ ಕಂಡಿತು. ಹುಲ್ಲಿನ ಕುರ್ಚಿ ಹೋಗಿ ಚರ್ಮದ ಕುರ್ಚಿ ಬಂತು, ಹಳೆಯ ಮೇಜು ಹೋಗಿ ದುಬಾರಿ ಮೇಜು ಬಂತು. ಹಳೆಯ ನಿಲುವಂಗಿಗೆ ತಾನು ಯಜಮಾನನಾಗಿದ್ದೆ, ಹೊಸದಕ್ಕೆ ಗುಲಾಮನಾದೆ ಅಂತ ಅವನು ಹಳಹಳಿಸಿದ. ಸುಮಾರು ಎರಡು ನೂರು ವರ್ಷಗಳ ನಂತರ, 1988ರಲ್ಲಿ, ಗ್ರಾಂಟ್ ಮೆಕ್ರ್ಯಾಕೆನ್ ಎಂಬ ವಿದ್ವಾಂಸರು ಇದಕ್ಕೆ ದಿದೆರೋ ಪರಿಣಾಮ ಅಂತಲೇ ಹೆಸರಿಟ್ಟರು.

ಹುಡುಗ ಹೇಳಿದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು 'ಯಾರು ನೋಡ್ತಿದ್ರು' ಎಂಬ ಮಾತು. ಕೊಂಡದ್ದನ್ನು ನೋಡಲು ಜನ ಇದ್ದಾರೆ. ಕೊಳ್ಳದೆ ಬಿಟ್ಟದ್ದನ್ನು ನೋಡಲು ಯಾರೂ ಇಲ್ಲ. ಹಾಗಾಗಿಯೇ ಉಳಿತಾಯದ ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಬೇಕು. ಆಗ ಹೊಲಿಗೆ ಹಾಕಿದ ಚೀಲಕ್ಕೂ ಒಂದು ಮೆಚ್ಚುಗೆ ಸಿಗುತ್ತದೆ. 2009ರಲ್ಲಿ ಮಾರ್ಟೀನ್ ಪೋಸ್ಟ್ಮಾ ಎಂಬ ಪತ್ರಕರ್ತೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲ ರಿಪೇರಿ ಕೆಫೆ ನಡೆಸಿದರು. ಕೆಟ್ಟ ಇಸ್ತ್ರಿಪೆಟ್ಟಿಗೆ, ಹರಿದ ಕೋಟು, ನಿಂತ ಗಡಿಯಾರ ತಗೊಂಡು ಜನ ಬಂದರು. ಕೈಕೆಲಸ ಗೊತ್ತಿದ್ದವರು ಜೊತೆಗೆ ಕೂತು ಸರಿಮಾಡಿಕೊಟ್ಟರು. ಈಗ ಎಷ್ಟೋ ದೇಶಗಳಲ್ಲಿ ಇಂಥ ಸಾವಿರಾರು ಗುಂಪುಗಳಿವೆ. ಅಲ್ಲಿ ರಿಪೇರಿಯಾದ ವಸ್ತು ಮತ್ತೆ ಓಡಿದಾಗ ಸುತ್ತ ನಿಂತವರು ಖುಷಿಪಡುತ್ತಾರೆ. ಹಳೆಯದನ್ನು ಉಳಿಸಿಕೊಂಡವರಿಗೂ ನೋಡುಗರು ಸಿಕ್ಕ ಹಾಗಾಯಿತು.

ಎರಡನೇ ಮಹಾಯುದ್ಧದ ಬ್ರಿಟನ್ ಕೂಡ ನೆನಪಾಗುತ್ತದೆ. ಅಲ್ಲಿ 1941ರ ಜೂನ್‌ನಿಂದ ಬಟ್ಟೆಗೆ ರೇಷನ್ ಬಂತು. ಮೊದಲ ವರ್ಷ ದೊಡ್ಡವರಿಗೆ ತಲಾ 66 ಕೂಪನ್. 1949ರವರೆಗೂ ಈ ಪದ್ಧತಿ ನಡೆಯಿತು. ನಡುವೆ ಸವೆದ ಬೆಡ್‌ಶೀಟನ್ನು ಉದ್ದಕ್ಕೆ ಕತ್ತರಿಸಿ, ಅಂಚುಗಳನ್ನು ನಡುವಿಗೆ ತಂದು ಹೊಲಿಯುತ್ತಿದ್ದರು. ಶ್ರೀಮಂತರ ಕಪಾಟಿನಲ್ಲಿ ಮೊದಲೇ ಬಟ್ಟೆ ಜಾಸ್ತಿ ಇತ್ತು ಎಂಬುದು ನಿಜ. ಆದರೂ ಕೂಪನ್ ಎಲ್ಲರಿಗೂ ಒಂದೇ ಆಗಿದ್ದರಿಂದ ತೇಪೆ ಹಾಕಿದ ಬಟ್ಟೆ ನಾಚಿಕೆಯ ವಿಷಯ ಆಗಲಿಲ್ಲ. ತೇಪೆ ಹಾಕುವುದನ್ನು ಸರ್ಕಾರವೇ ಕಲಿಸುತ್ತಿತ್ತು, ತರಗತಿಗಳು ನಡೆಯುತ್ತಿದ್ದವು. ಕಷ್ಟ ಇತ್ತು, ಆದರೆ ಯಾರೂ ಅದನ್ನು ಬಚ್ಚಿಟ್ಟುಕೊಂಡು ಅನುಭವಿಸಬೇಕಾಗಿರಲಿಲ್ಲ.

ಮೂರು ಸಾಲ

ಇತ್ತೀಚೆಗೆ ನಮ್ಮ ಮಧ್ಯಾಹ್ನದ ಮಾತು ಬೇರೆ ಕಡೆ ತಿರುಗಿದೆ. ಒಂದು ದಿನ ಹುಡುಗ ತಾನಾಗಿಯೇ ಒಂದು ಕಾಗದ ತೆಗೆದು ಮೇಡಂ ಮುಂದೆ ಇಟ್ಟ. ಅದರಲ್ಲಿ ಅವನ ಸಂಬಳವೂ ಇತ್ತು, ಸಾಲವೂ ಇತ್ತು. ಮೂರು ಸಾಲ. ಫೋನಿನ ಕಂತು, ಕ್ರೆಡಿಟ್ ಕಾರ್ಡಿನ ಬಾಕಿ, ಒಬ್ಬ ಗೆಳೆಯನ ಹತ್ತಿರ ತಗೊಂಡ ಕೈಗಡ. ತಿಂಗಳ ಕೊನೆಗೆ ಅವನ ಹತ್ತಿರ ಸ್ವಲ್ಪ ಉಳಿಯುತ್ತಿತ್ತು. ಅದನ್ನು ಮೊದಲು ಯಾವುದಕ್ಕೆ ಕಟ್ಟಬೇಕು ಎಂಬುದು ಅವನ ಪ್ರಶ್ನೆ.

ಮೇಡಂಗೆ ಯೋಚನೆಯೇ ಬೇಕಿರಲಿಲ್ಲ. 'ಕಾರ್ಡ್. ಬೇರೆ ಮಾತೇ ಇಲ್ಲ' ಅಂದರು. ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡಾ 3 ಇತ್ತು. ಬಾಕಿ ಎರಡು ಪಟ್ಟಾಗಲು ಎಷ್ಟು ವರ್ಷ ಅಂತ ತಿಳಿಯಲು 72ನ್ನು ವರ್ಷದ ಬಡ್ಡಿಯಿಂದ ಭಾಗಿಸುವ ಒಂದು ಅಂದಾಜು ಲೆಕ್ಕ ಇದೆ. ವರ್ಷಕ್ಕೆ 36 ಅಂತ ಹಿಡಿದರೆ 2 ಬರುತ್ತದೆ. ಅಂದರೆ ಏನೂ ಕಟ್ಟದೆ ಬಿಟ್ಟರೆ ಸುಮಾರು ಎರಡು ವರ್ಷಕ್ಕೆ ಬಾಕಿ ಎರಡು ಪಟ್ಟು. ದಂಡ ಗಿಂಡ ಅದರ ಮೇಲೆ ಬೇರೆ. ಗೆಳೆಯನ ಸಾಲಕ್ಕೆ ಬಡ್ಡಿಯೇ ಇಲ್ಲ, ಅದು ಕೊನೆಗೆ. ಲೆಕ್ಕದ ಪ್ರಕಾರ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನೂ ಅದನ್ನೇ ಹೇಳಿದೆ.

ಅಕ್ಕ ಒಪ್ಪಲಿಲ್ಲ. 'ಕಾರ್ಡಿನವರು ಫೋನ್ ಮಾಡ್ತಾರೆ, ಅಷ್ಟೇ. ಗೆಳೆಯ ದಿನಾ ಎದುರಿಗೆ ಸಿಗ್ತಾನಲ್ಲ. ನೀನು ಹೊಸ ವಾಚು ಕಟ್ಕೊಂಡು ಓಡಾಡೋದನ್ನ ಅವನು ನೋಡ್ತಾನೆ. ಅವನಿಗೆ ಅದು ಬಡ್ಡಿಯಲ್ಲ ಅಂತೀಯಾ?' ಅಂದಳು. ಹುಡುಗ ತಲೆ ತಗ್ಗಿಸಿದ. ಆ ಗೆಳೆಯ ಕೆಲವು ದಿನಗಳಿಂದ ಸರಿಯಾಗಿ ಮಾತಾಡುತ್ತಿಲ್ಲ ಅಂತ ಆಮೇಲೆ ಹೇಳಿದ. ಗೆಳೆಯನ ತಂಗಿಯ ಓದಿಗೆ ದುಡ್ಡು ಬೇಕಾಗಿದೆ ಅಂತಲೂ ಹೇಳಿದ. ಅವನ ಕಾಗದದಲ್ಲಿ ಅದು ಇರಲಿಲ್ಲ. ಮೂರು ಮೊತ್ತ ಮಾತ್ರ ನೋಡಿದ್ದರೆ ನಮಗೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ.

ಕೊನೆಗೆ ನಿಂತ ತೀರ್ಮಾನ ಹೀಗೆ. ಹೆಚ್ಚಿನ ಪಾಲು ಕಾರ್ಡಿಗೆ. ಪ್ರತಿ ತಿಂಗಳು ಸಂಬಳದ ಮರುದಿನ ಒಂದು ಚಿಕ್ಕ ಮೊತ್ತ ಗೆಳೆಯನಿಗೆ, ಅವನು ಕೇಳುವ ಮೊದಲೇ. ಯಾವ ತಿಂಗಳಿಗೆ ಪೂರ್ತಿ ಮುಗಿಯುತ್ತದೆ ಅಂತ ಅವನಿಗೆ ಈಗಲೇ ಹೇಳುವುದು. ಕೈಗಡಿಯಾರ ಮಾರಿ ಬಂದಷ್ಟನ್ನು ಅವನ ಕೈಗೇ ಕೊಡುವುದು. ಮೇಡಂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿ, 'ಹೀಗೆ ಮಾಡಿದ್ರೆ ಕಾರ್ಡಿಗೆ ಇಷ್ಟು ಬಡ್ಡಿ ಜಾಸ್ತಿ ಹೋಗುತ್ತೆ. ಗೊತ್ತಿರಲಿ' ಅಂತ ಆ ಮೊತ್ತಕ್ಕೆ ಗೆರೆ ಎಳೆದು ತೋರಿಸಿದರು. ಹುಡುಗ ಸ್ವಲ್ಪ ಹೊತ್ತು ಅದನ್ನೇ ನೋಡಿದ. 'ಗೊತ್ತಾಯ್ತು ಮೇಡಂ. ಅಷ್ಟು ನಾನು ಕೊಡ್ತೀನಿ' ಅಂದ. ಮೇಡಂ ಆ ಹಾಳೆಯನ್ನು ಹರಿದು ಅವನಿಗೆ ಕೊಟ್ಟರು. ಫೋನಿನ ಕಂತು ಮುಗಿದ ಮೇಲೆ ಆ ದುಡ್ಡು ಎಲ್ಲಿಗೆ ಹೋಗಬೇಕು ಎಂಬ ಚರ್ಚೆ ಇನ್ನೂ ಬಾಕಿ ಇದೆ. ಅಕ್ಕ ಅವನನ್ನು ತನ್ನ ಚೀಟಿಗೆ ಕರೆಯುತ್ತಿದ್ದಾಳೆ.